ಎರಡು ಕಪ್ಪಿಗಾಗುವಷ್ಟು ಬೀಜ

“ಕಾಫಿ ಬೀಜ ಪುಡಿ ಮಾಡೂ ಗ್ರೈಂಡರ ಐತೇನ್ರಿ?”

ಕೋಮಲ ತಲೆಯೆತ್ತಿದಳು. ಊರಿಗೆ ಊರೇ ಚಹಾ ಕುಡಿಯುವ ಚಿಕ್ಕೋಡಿಯಲ್ಲಿ, ಅದೂ ಸೋದರಮಾವನ ಈ ಪಾತ್ರೆ ಅಂಗಡಿಗೆ, ಇದೆಂಥ ಗಿರಾಕಿ! ಶಾಲು ಹೊದ್ದು ನಿಂತವನ ಕಣ್ಣಲ್ಲಿ ಎಂಥದೋ ದುಗುಡ. ಅವಳಿಗೆ ಕಣ್ಣು ಕೀಳಲಾಗಲಿಲ್ಲ.

ಎರಡು ತೆಗೆದಿಟ್ಟಳು. ಕರೆಂಟಿನದರ ಬ್ಲೇಡು ಬೀಜವನ್ನು ಕೊಚ್ಚುತ್ತದೆ, ಒಂದಿಷ್ಟು ಹಿಟ್ಟು, ಒಂದಿಷ್ಟು ನುಚ್ಚು. ಕಾದರೆ ಘಮವೂ ಹೋಗುತ್ತದೆ. ಕೈಯಿಂದ ತಿರುವುವುದಾದರೆ ಪುಡಿ ಒಂದೇ ಸಮ ಬೀಳುತ್ತದೆ ಎಂದು ವಿವರಿಸಿದಳು.

ಅವನು ಕರೆಂಟಿನದನ್ನೇ ಕೊಡಿ ಎಂದ.

ಇಷ್ಟು ಹೇಳಿದರೂ! ಕೋಮಲಳಿಗೆ ಸಿಟ್ಟು ಬಂತು.

“ಎರಡ ಮಿನಿಟ ಕೈ ಆಡಸಾಕ ಇಷ್ಟ ಆಳಸಿತನ ಏನ್ರಿ?”

ಅವನು ದುಡ್ಡು ಕೊಟ್ಟ. ಚೀಲ ತೆಗೆದುಕೊಳ್ಳುವಾಗ ಶಾಲು ಜಾರಿತು. ಎಡಗೈಯಲ್ಲಿ ಹೆಬ್ಬೆರಳೊಂದೇ ಇತ್ತು.

ಅಯ್ಯೋ ದೇವರೇ... ಎಂಥ ಮಾತಾಡಿಬಿಟ್ಟೆ!

ಅವನು ಕರೋಶಿಯ ಮಾಳೇಶ. ಬೆಲ್ಲದ ಗಾಣಕ್ಕೆ ಕಬ್ಬು ಕೊಡುವಾಗ ಕೈ ಸಿಕ್ಕಿತ್ತು. ಗೊತ್ತಾಗಿದ್ದ ಮದುವೆಯೂ ಮುರಿಯಿತು. ಕಾಫಿ ಮಾತ್ರ ಆಸ್ಪತ್ರೆಯಲ್ಲಿ ಹಿಡಿದ ಚಟ. ಇದೆಲ್ಲ ಮಾವನಿಂದ ತಿಳಿದ ಮೇಲೆ ಅವಳಿಗೆ ತುತ್ತು ಇಳಿಯಲಿಲ್ಲ.

ಬಿಲ್ಲಿನಲ್ಲಿದ್ದ ನಂಬರಿಗೆ ಫೋನ್ ಮಾಡಿ ತಪ್ಪಾಯಿತು ಎಂದಳು. ಸಿಟ್ಟೇನಿಲ್ಲ ಎಂದ ಅವನು, “ಖರೆ, ಕನಿಕರ ಒಂದ ಬ್ಯಾಡ್ರಿ,” ಎಂದು ಇಟ್ಟುಬಿಟ್ಟ.

ಕನಿಕರವೇ? ಹಾಗಾದರೆ ದಿನವಿಡೀ ಬಾಗಿಲು ನೋಡುವುದೇಕೆ? ಕೈಯಿಂದ ತಿರುವುವ ಆ ಗ್ರೈಂಡರನ್ನು ತಾನು ಹಿಡಿದಂತೆ, ಅವನು ತಿರುವಿದಂತೆ ಕನಸು ಕಾಣುವುದೇಕೆ? ಬೇರೆಯವರಿಗೆ ಮಾರಲು ಮನಸ್ಸಾಗದೆ ಅದನ್ನು ಹಿಂದಿನ ಕಪಾಟಿನಲ್ಲಿ ಬಚ್ಚಿಟ್ಟಳು. ಅವನು ಇನ್ನು ಬರುವುದಿಲ್ಲ ಎಂದು ದಿನಾ ತನಗೆ ತಾನೇ ಹೇಳಿಕೊಂಡಳು.

ತಿಂಗಳಾದ ಮೇಲೆ ಬಂದ. ಕರೆಂಟಿನದರ ಪುಡಿ ಬರೀ ಕಹಿಯಂತೆ. ಆ ಇನ್ನೊಂದನ್ನು ನೋಡುತ್ತೇನೆ ಎಂದ. ಕೋಮಲ ಅದನ್ನು ಕಪಾಟಿನಿಂದ ತಂದುಕೊಟ್ಟಳು. ಅವನು ಸ್ಟೂಲಿನ ಮೇಲೆ ಕೂತು, ಕಿಸೆಯಿಂದ ಬೀಜ ತೆಗೆದು ಹಾಕಿ, ಮೊಣಕಾಲ ನಡುವೆ ಗಟ್ಟಿ ಹಿಡಿದು, ಬಲಗೈಯಿಂದ ಗರಗರ ತಿರುವಿದ.

ಯಾರ ಆಸರೆಯೂ ಅವನಿಗೆ ಬೇಕಿರಲಿಲ್ಲ. ಕೋಮಲಳ ಕನಸು ಅಲ್ಲೇ ಕುಸಿಯಿತು.

“ಹಂಗಾರ... ಹಿಡಿಯಾಕ ನಾ ಬ್ಯಾಡ,” ಎಂದಳು. ದನಿ ಸಣ್ಣಗಿತ್ತು.

“ಹಿಡಿಯಾಕ ಬ್ಯಾಡ್ರಿ. ಎರಡ ಕಪ್ಪಿಗಾಗೂವಷ್ಟ ಬೀಜ ಹಾಕೇನಿ.”

ಅವಳು ಬೆರಗಾಗಿ ನೋಡಿದಳು.

“ಕೈ ಹೋದಾಗಿಂದ ಎಲ್ಲಾರೂ ಪಾಪ ಅಂತಾರ್ರಿ. ಗೊತ್ತಿಲ್ದ ಅಂದ್ರಿ ಖರೆ, ಆಳಸಿ ಅಂದವರು ನೀವ ಒಬ್ರ. ಅವತ್ತ ನಾನೂ ಎಲ್ಲಾರಂಗ ಒಬ್ಬ ಮನಶ್ಯಾ ಅನಿಸ್ತು.” ಅವನು ತಲೆ ತಗ್ಗಿಸಿದ. “ದಿನಾ ನನ್ನ ಜೋಡಿ ಕುಡಿತೀರಿ?”

ಕೋಮಲ ಕಣ್ಣೊರೆಸಿಕೊಂಡು, ಚಿಟಿಕೆ ಪುಡಿ ತೆಗೆದು ಬೆರಳಲ್ಲಿ ತಿಕ್ಕಿ ನೋಡಿದಳು.

“ಇನ್ನೂ ದಪ್ಪ ಐತಿ. ಆಳಸಿತನ ಮಾಡಬ್ಯಾಡ್ರಿ... ತಿರುವ್ರಿ.”

ಮಾಳೇಶ ನಗುತ್ತ ತಿರುವಿದ.