ಅವಳಿಗೆ ಕಾಣದ ಗಾಯ

“ಡಾಕ್ಟ್ರೇ, ನಂಗೆ ಸಿಸೇರಿಯನ್ನೇ ಮಾಡಿ. ದಿನ ಗೊತ್ತು ಮಾಡಿ ಹೇಳಿ.”

ಬಿಂದುಶ್ರೀಯ ಮಾತಿಗೆ ಪಕ್ಕದಲ್ಲಿದ್ದ ಗಂಡ ಮೋಹನ್‌ಕುಮಾರ್ ತಟ್ಟನೆ ತಿರುಗಿದ. ಯಾರೋ ಗುರುತಿಲ್ಲದ ಹೆಂಗಸನ್ನು ನೋಡುವಂತೆ ನೋಡಿದ.

ತುಮಕೂರಿನ ಆ ನರ್ಸಿಂಗ್ ಹೋಮಿಗೆ ಅವಳು ಮನಸ್ಸು ಗಟ್ಟಿ ಮಾಡಿಕೊಂಡೇ ಬಂದಿದ್ದಳು. ಮಗಳು ಮಾನಸಾ ಹುಟ್ಟುವಾಗ ಪಟ್ಟ ಪಾಡು, ಆಮೇಲೆ ತಿಂಗಳುಗಟ್ಟಲೆ ನೆಟ್ಟಗೆ ಕೂರಲೂ ಆಗದೆ ಅತ್ತಿದ್ದು... ಇನ್ನೊಮ್ಮೆ ಬೇಡ.

ಡಾಕ್ಟರ್ ಅವಸರ ಮಾಡಲಿಲ್ಲ. ಆಪರೇಷನ್ನಿನ ಅಪಾಯ, ವಾಸಿಯಾಗಲು ಹಿಡಿಯುವ ಕಾಲ, ಎಲ್ಲ ಬಿಡಿಸಿ ಹೇಳಿದರು. ಬಿಂದು ಪ್ರಶ್ನೆಯ ಮೇಲೆ ಪ್ರಶ್ನೆ ಹಾಕಿದಳು. ಎಚ್ಚರ ಇರುತ್ತಾ? ಎಲ್ಲಿ ಕುಯ್ಯುತ್ತೀರಿ? ಮಗು ಅತ್ತಿದ್ದು ನನಗೆ ಕೇಳಿಸುತ್ತಾ?

“ನೀವೇನಂತೀರಿ?” ಡಾಕ್ಟರ್ ಮೋಹನನನ್ನು ಕೇಳಿದರು.

ಅವನು ಬಾಯಿ ತೆರೆಯುವ ಮೊದಲೇ ಬಿಂದು, “ನೋವು ತಿನ್ನೋಳು ನಾನು. ತೀರ್ಮಾನಾನೂ ನಂದೇ,” ಅಂದಳು.

“ಅವಳಿಷ್ಟ,” ಎಂದು ಅವನು ಎದ್ದು ಹೊರಗೆ ಹೋದ.

ಇವರಿಗೆ ಕೋಪ ಬಂದಿದೆ... ನೋವಿಗೆ ಹೆದರೋಳು ಅಂದ್ಕೊಂಡಿರಬೇಕು ನನ್ನ!

ಗೊತ್ತು ಮಾಡಿದ ದಿನವೇ ಆಪರೇಷನ್ ಆಯಿತು. ಹಸಿರು ಬಟ್ಟೆಯ ಆಚೆ ಯಾರೋ ತನ್ನನ್ನು ಎಳೆದಾಡುತ್ತಿರುವುದಷ್ಟೇ ಬಿಂದುವಿಗೆ ತಿಳಿಯುತ್ತಿತ್ತು. ಆಮೇಲೆ ಅಳು ಕೇಳಿಸಿತು. ಗಂಡು ಮಗು.

ಬಾಣಂತನಕ್ಕೆ ಗುಬ್ಬಿಯ ತವರಿಗೆ ಬಂದಳು. ಕೆಮ್ಮಿದರೆ ಹೊಟ್ಟೆಗೆ ದಿಂಬು ಒತ್ತಿಕೊಳ್ಳಬೇಕು. ಏಳಬೇಕಾದರೆ ಮಗ್ಗುಲಾಗಿ, ಕೈಯೂರಿ ಏಳಬೇಕು. ಮಾನಸಾಳನ್ನು ಎತ್ತಿಕೊಳ್ಳುವಂತಿಲ್ಲ. ಅದೆಲ್ಲ ಅಭ್ಯಾಸವಾಗುತ್ತಾ ಬಂತು. ಆದರೆ ಒಂದು ಕುತೂಹಲ ಮಾತ್ರ ಬಿಡಲಿಲ್ಲ.

ಹೊಲಿಗೆ ಹೇಗೆ ಕಾಣುತ್ತಿರಬಹುದು?

ಬಗ್ಗಿದರೆ ಹೊಟ್ಟೆಯೇ ಅಡ್ಡ. ಕನ್ನಡಿ ಹಿಡಿಯಲು ಧೈರ್ಯವಿಲ್ಲ.

ಮೋಹನ ತಾನು ಕೆಲಸ ಮಾಡುವ ಅಂತರಸನಹಳ್ಳಿಯ ಫ್ಯಾಕ್ಟರಿಗೆ ರಜೆ ಇದ್ದಾಗೆಲ್ಲ ಬರುತ್ತಿದ್ದ. ಮಗುವನ್ನು ಎತ್ತಿಕೊಳ್ಳುತ್ತಿದ್ದ, ಅವಳ ಮಂಚದಿಂದ ದೂರವೇ ಕೂರುತ್ತಿದ್ದ.

ಅಸಹ್ಯವೇನೋ... ಬಿಂದು ಸೆರಗನ್ನು ಹೊಟ್ಟೆಯ ಮೇಲೆ ಇನ್ನಷ್ಟು ಎಳೆದುಕೊಳ್ಳುತ್ತಿದ್ದಳು.

ಒಂದು ಭಾನುವಾರ ಅವನು ಹಾಗೆಯೇ ಕೂತಿದ್ದಾಗ, ಅವಳ ತಾಯಿ ಸುಧಾ ಮಾನಸಾಳ ಕೈ ಹಿಡಿದು ಅಂಗಡಿಗೆ ಹೊರಟರು. ಬಾಗಿಲಲ್ಲಿ ನಿಂತು ಅಳಿಯನಿಗೆ ಅಂದರು, “ಗಾಯ ಕೆಂಪಗಿದ್ಯಾ, ನೀರು ಬರ್ತಿದ್ಯಾ ಅಂತ ದಿನಾ ನಂಗೆ ಫೋನ್ ಮಾಡ್ತೀರಲ್ಲ. ಇಲ್ಲೇ ಅವ್ಳೆ, ಅವಳನ್ನೇ ಕೇಳಿ.”

ಮನೆಯಲ್ಲಿ ಇಬ್ಬರೇ ಉಳಿದರು, ಮಲಗಿದ್ದ ಕೂಸಿನ ಜೊತೆ.

“ದಿನಾ ಕೇಳ್ತಿದ್ರಾ?”

“ಹೂಂ. ಕೆಂಪಾದ್ರೆ ಕರ್ಕೊಂಡು ಬನ್ನಿ ಅಂದಿದ್ರು ನರ್ಸು.”

“ನನ್ನನ್ನ ಯಾಕೆ ಕೇಳ್ಲಿಲ್ಲ ರೀ?”

ಅವನು ನೆಲ ನೋಡಿದ. “ತೀರ್ಮಾನ ನಂದೇ ಅಂದ್ಯಲ್ಲ ಬಿಂದು. ಇದ್ರಲ್ಲಿ ನಾನು ಬಾಯಿ ಹಾಕ್ಬಾರ್ದು ಅಂತ ಸುಮ್ನಾದೆ. ನೀನು ಮಾಡಿದ್ದೇ ಸರಿ. ಅವತ್ತೇ ಹೇಳ್ಬೇಕು ಅಂತಿದ್ದೆ, ನಿನ್ನ ಕುಯ್ತಾರೆ ಅಂದ ತಕ್ಷಣ ಕೈಕಾಲು ನಡುಗೋಕೆ ಶುರುವಾಯ್ತು. ಅದಕ್ಕೇ ಎದ್ದು ಹೋಗಿದ್ದು.”

ಬಿಂದುವಿಗೆ ಅಳುವೂ ನಗುವೂ ಒಟ್ಟಿಗೆ ಬಂದವು. ದಿಂಬು ಒತ್ತಿಕೊಂಡೇ ನಕ್ಕಳು.

“ತೀರ್ಮಾನ ನಂದು. ಹಾಗಂತ ನೀವು ಬೇಡ ಅಂದ್ನಾ?” ಎಂದಳು. ದಿಂಬು ಪಕ್ಕಕ್ಕಿಟ್ಟು, “ನಂಗೆ ಕಾಣಿಸಲ್ಲ ರೀ. ನೋಡಿ ಹೇಳ್ತೀರಾ?”

ಅವನು ಮೆಲ್ಲನೆ ಮಂಚದ ಅಂಚಿಗೆ ಬಂದು ಕೂತ. ಅವಳು ಸೆರಗು ಸರಿಸಿ, ಸೀರೆ ಸಡಿಲಿಸಿ, ಕಣ್ಣು ಮುಚ್ಚಿಕೊಂಡಳು.

“ಎಷ್ಟುದ್ದ ಇದೆ?”

“ನನ್ನ ಗೇಣಿಗಿಂತ ಕಮ್ಮಿ.”

“ಬಣ್ಣ?”

“ನೇರಳೆ ಥರ. ಬಲಗಡೆ ತುದಿ ಚೂರು ಮೇಲಕ್ಕೋಗಿದೆ.”

“ವಿಕಾರವಾಗಿದ್ಯಾ?”

ಅವನು ಇನ್ನಷ್ಟು ಬಗ್ಗಿ ನೋಡಿದ.

“ಇಷ್ಟು ಜಾಗದಲ್ಲಿ ಅಷ್ಟು ದಪ್ಪ ಮಗ ಹೆಂಗ್ ಬಂದ ಅಂತ ಯೋಚ್ನೆ ಮಾಡ್ತಿದೀನಿ... ಮುಟ್ಲಾ?”

“ಮುಟ್ಟಿ. ಅಲ್ಲಿನ್ನೂ ಮರಗಟ್ಟಿದೆ, ನಂಗೇನೂ ಗೊತ್ತಾಗಲ್ಲ.”

ಅವನ ಬೆರಳು ಗಾಯದ ಮೇಲುಗಡೆ ಹಗುರವಾಗಿ ಸರಿಯಿತು.

“ಗೊತ್ತಾಗ್ತಿದ್ಯಾ?”

“ಇಲ್ಲ.”

“ಇಲ್ಲಿ?”

“ಊಹೂಂ.”

ಬೆರಳು ಇನ್ನೂ ಸ್ವಲ್ಪ ಮೇಲೆ ಬಂತು.

“ಈಗ?”

ಅವಳು ಕಣ್ಣು ತೆರೆದು ಅವನ ಕೈ ಹಿಡಿದುಕೊಂಡಳು.

“ಹೂಂ. ಅಲ್ಲೇ ಇರಿ.”