ಕನ್ನಡಕ ಒರೆಸುವ ಹೊತ್ತು

ಮೊದಲ ಸಲ ನೋಡಿದಾಗ ಅವನನ್ನು ಅವಳು ಕಣ್ಣಿನ ಡಾಕ್ಟರ್ ಎಂದೇ ತಿಳಿದಿದ್ದಳು. ಬಿಳಿ ಕೋಟು ಹಾಕಿಕೊಂಡಿದ್ದ, ಕೈಯಲ್ಲಿ ಒಂದು ಪುಟ್ಟ ಟಾರ್ಚ್ ಇತ್ತು. ಇನ್ನೇನು ಬೇಕು? ತಲೆನೋವಿನಿಂದ ಹಿಡಿದು ನಿದ್ದೆ ಬಾರದಿರುವ ತನಕ ಇದ್ದಬದ್ದ ಕಷ್ಟವನ್ನೆಲ್ಲ ಅವನ ಮುಂದೆ ತೋಡಿಕೊಂಡಳು. ಅವನು ಹೂಂಗುಟ್ಟುತ್ತಲೇ ಅವಳ ಹಳೆಯ ಕನ್ನಡಕವನ್ನು ಮೆಲ್ಲಗೆ ತೆಗೆದು, ಜೇಬಿನಲ್ಲಿದ್ದ ಮೆತ್ತನೆಯ ಬಟ್ಟೆಯಿಂದ ಒರೆಸತೊಡಗಿದ.

ತಾನು ಡಾಕ್ಟರಲ್ಲ, ಕನ್ನಡಕದಂಗಡಿಯಲ್ಲಿ ಗಾಜು ಅರೆದು ಫ್ರೇಮಿಗೆ ಕೂರಿಸುವವನು ಎಂದು ಅವನು ಬಾಯಿಬಿಟ್ಟದ್ದು ಮೂರನೆಯ ಭೇಟಿಯಲ್ಲಿ. ಅಷ್ಟರಲ್ಲಿ ಅವಳ ಮನಸ್ಸು ಕೈತಪ್ಪಿಹೋಗಿತ್ತು.

ಅವಳ ನಂಬರು ಮೈನಸ್ ಒಂಬತ್ತು. ಕನ್ನಡಕ ತೆಗೆದರೆ ಅರ್ಧ ಗೇಣಿನಾಚೆ ಲೋಕವೆಲ್ಲ ಕಲಸಿಹೋಗುತ್ತಿತ್ತು. ಹೊಸ ಗಾಜಿಗಾಗಿ ಎರಡು ಕಣ್ಣಪಾಪೆಗಳ ನಡುವಿನ ದೂರ ಅಳೆಯಬೇಕಿತ್ತು. ಅವನು ಅವಳ ಮೂಗಿನ ಮೇಲೆ ಸಣ್ಣ ಸ್ಕೇಲು ಹಿಡಿದು, ತನ್ನ ಒಂದು ಕಣ್ಣು ಮುಚ್ಚಿ, ನನ್ನ ಎಡಗಣ್ಣನ್ನೇ ನೋಡಿ ಎಂದ. ಆಮೇಲೆ ಬಲಗಣ್ಣು. ಒಂದು ಸಲ ಸಾಕಾಗಿದ್ದ ಅಳತೆಯನ್ನು ಮೂರು ಸಲ ತೆಗೆದ. ಮೂರನೆಯ ಸಲ ಎಷ್ಟು ಹತ್ತಿರ ಬಂದಿದ್ದನೆಂದರೆ ಅವನ ರೆಪ್ಪೆಯ ಕೂದಲನ್ನು ಎಣಿಸಬಹುದಿತ್ತು.

"ಅಳತೆ ತಪ್ಪಾಯ್ತಾ?" ಎಂದು ಕೇಳಿದಳು.

"ಸರಿಯಾಗೇ ಇದೆ. ಇನ್ನೊಂದ್ಸಲ ನೋಡೋಣ ಅನ್ನಿಸ್ತು."

ಅಂದಿನಿಂದ ಅವಳು ಅವನಿಗೆ ಮೈನಸ್ಸು, ಅವನು ಅವಳಿಗೆ ಡಾಕ್ಟ್ರು. ಮದುವೆಯಾದ ಮೇಲೂ ಹೆಸರು ಬದಲಾಗಲಿಲ್ಲ.

ಅವನಿಗೊಂದು ಅಭ್ಯಾಸವಿತ್ತು. ಸುಳ್ಳು ಹೇಳಬೇಕಾದಾಗಲೆಲ್ಲ ಅವನ ಕಣ್ಣಿಗೆ ಅವಳ ಕನ್ನಡಕ ಕೊಳೆಯಾಗಿ ಕಾಣುತ್ತಿತ್ತು. "ಎಷ್ಟು ಧೂಳು ನೋಡು" ಎಂದು ತೆಗೆದು ಒರೆಸುತ್ತ ಕೂರುತ್ತಿದ್ದ. ಅವಳಮ್ಮ ಕೊಟ್ಟ ಹೂದಾನಿಯನ್ನು ಬೆಕ್ಕು ಒಡೆಯಿತು ಎಂದದ್ದು ಹಾಗೆ ಒರೆಸುತ್ತ. ಅವಳ ಅಡುಗೆಗೆ ಉಪ್ಪು ಸರಿಯಾಗಿದೆ ಎಂದದ್ದೂ ಒರೆಸುತ್ತಲೇ. ಎರಡನೆಯ ವರ್ಷಕ್ಕೆಲ್ಲ ಅವಳಿಗೆ ಇದು ಗೊತ್ತಾಗಿತ್ತು, ಆದರೆ ಗೊತ್ತಿದೆಯೆಂದು ಹೇಳಲಿಲ್ಲ. ತನ್ನ ಕಣ್ಣೆದುರು ಸುಳ್ಳಾಡಲು ನಾಚುವ ಗಂಡ ಎಷ್ಟು ಜನರಿಗೆ ಸಿಗುತ್ತಾನೆ? ಅವನು ಒರೆಸುವಷ್ಟು ಹೊತ್ತೂ ಅವಳು ಕಲಸಿಹೋದ ಅವನ ಮುಖದ ಕಡೆ ನೋಡುತ್ತ ಒಳಗೊಳಗೇ ನಗುತ್ತಿದ್ದಳು.

ಎಂಟನೆಯ ವರ್ಷ ಅವಳ ಎರಡೂ ಕಿಡ್ನಿಗಳು ಕೈಕೊಟ್ಟವು. ಲೈಬ್ರರಿಯ ಹಿಂಭಾಗದ ಕೋಣೆಯಲ್ಲಿ ಹರಿದ ಪುಸ್ತಕಗಳ ಬೆನ್ನು ಹೊಲಿಯುವುದು ಅವಳ ಕೆಲಸ. ಒಂದು ಬೆಳಿಗ್ಗೆ ಸೂಜಿ ಹಿಡಿಯಲಾರದಷ್ಟು ಬೆರಳು ಊದಿಕೊಂಡವು. ಅಲ್ಲಿಂದ ಮುಂದೆ ವಾರಕ್ಕೆ ಮೂರು ದಿನ, ದಿನಕ್ಕೆ ನಾಲ್ಕು ಗಂಟೆ, ತೋಳಿಗೆ ಎರಡು ಸೂಜಿ ಚುಚ್ಚಿಸಿಕೊಂಡು ರಕ್ತ ತೊಳೆಯುವ ಯಂತ್ರದ ಪಕ್ಕದಲ್ಲಿ ಕೂರುವುದೇ ಬದುಕಾಯಿತು. ಹೀಗೇ ಹೆಚ್ಚು ವರ್ಷ ಎಳೆಯಲಾಗದು, ಕಿಡ್ನಿ ಕೊಡುವವರನ್ನು ನೋಡಿ ಎಂದರು ಡಾಕ್ಟರು. ಅವಳಿಗೆ ಒಡಹುಟ್ಟಿದವರಿರಲಿಲ್ಲ. ಅಪ್ಪ ಮೊದಲೇ ಇರಲಿಲ್ಲ, ಅಮ್ಮನೂ ತೀರಿಹೋಗಿದ್ದಳು.

ಗಂಡನ ರಕ್ತ ಪರೀಕ್ಷೆ ಮಾಡಿಸಿದರು. ಎಲ್ಲವೂ ಹೊಂದಿತು. ಅಣ್ಣತಮ್ಮಂದಿರಲ್ಲೂ ಇಷ್ಟು ಹೊಂದುವುದು ಅಪರೂಪ ಎಂದು ಡಾಕ್ಟರೇ ಬೆರಗಾದರು. ಆಸ್ಪತ್ರೆಯ ಕಾರಿಡಾರಿನಲ್ಲಿ, ಅತ್ತೆ ಮಾವ ಎಲ್ಲರ ಎದುರು ಅವನು ಹೇಳಿದ:

"ಎರಡರಲ್ಲಿ ಒಂದು ಮೊದಲಿಂದಲೂ ಇವಳದ್ದೇ. ಇಷ್ಟು ದಿನ ನಾನು ಜೋಪಾನವಾಗಿ ಇಟ್ಕೊಂಡಿದ್ದೆ ಅಷ್ಟೆ."

ಮಾವ ಮಗನ ಬೆನ್ನು ತಟ್ಟಿದರು. ಅತ್ತೆ ಸೆರಗಿನಿಂದ ಕಣ್ಣೊರೆಸಿಕೊಂಡರು. ಅವಳಂತೂ ಬಿಕ್ಕಿಬಿಕ್ಕಿ ಅತ್ತಳು. ಅವನು ಅವಳ ಕನ್ನಡಕ ತೆಗೆದು ಒರೆಸಿದ. ಒದ್ದೆಯಾದದ್ದನ್ನು ಒರೆಸದೆ ಇನ್ನೇನು ಮಾಡುತ್ತಾರೆ ಎಂದುಕೊಂಡಳು. ಅಂಗಡಿಯವರು ಅವನಿಗಾಗಿ ಕೇಕು ತರಿಸಿದರು. ನೆಂಟರೆಲ್ಲ ಫೋನಿನಲ್ಲಿ ಇಂಥ ಗಂಡ ಸಿಗಲು ಪುಣ್ಯ ಮಾಡಿರಬೇಕು ಎಂದರು. ಅದು ಅವಳಿಗೂ ನಿಜವೆನ್ನಿಸಿತ್ತು.

ಯಂತ್ರದ ಕೋಣೆಯಲ್ಲಿ ಪಕ್ಕದ ಕುರ್ಚಿಯವರು ನಿವೃತ್ತ ಮೇಷ್ಟ್ರು. ಆ ಆಸ್ಪತ್ರೆಯ ಒಳಗುಟ್ಟುಗಳೆಲ್ಲ ಅವರ ನಾಲಗೆಯ ತುದಿಯಲ್ಲಿದ್ದವು.

"ಕೊಡೋರನ್ನೂ ತಗೊಳ್ಳೋರನ್ನೂ ಒಬ್ಬೊಬ್ಬರನ್ನೇ ಒಳಗೆ ಕರೆದು ಮಾತಾಡಿಸ್ತಾರಮ್ಮ," ಎಂದರು ಒಂದು ದಿನ. "ಅಲ್ಲಿ ಕೊಡೋರು ಬೇಡ ಅಂದ್ರೆ ಮುಗೀತು, ಯಾರಿಗೂ ಹೇಳಲ್ಲ. ಹೊರಗೆ ಬರೋದು ಒಂದೇ ಸಾಲಿನ ಕಾಗದ, ದಾನಿ ಸೂಕ್ತರಲ್ಲ ಅಂತ. ಬಿಪಿ, ಸಕ್ಕರೆ ಇದ್ರೆ ಅದನ್ನ ಬರೀತಾರೆ. ಕಾರಣ ಬರೀದೇ ಇದ್ರೆ ಆಸಾಮಿ ತಾನೇ ಹಿಂದೆ ಸರಿದ ಅಂತ ಅರ್ಥ. ನನ್ನ ತಮ್ಮನೂ ಅಂಥದ್ದೇ ಒಂದು ಕಾಗದ ತಂದಿದ್ದ. ಪಾಪ, ಪ್ರತಿ ಭಾನುವಾರ ತಪ್ಪದೆ ಹಣ್ಣು ತಂದುಕೊಡ್ತಾನೆ."

ಅವಳು ಮೈಯೆಲ್ಲ ಕಿವಿಯಾಗಿ ಕೇಳಿದಳು. ಕೇಳಿದಾಗ ಅವಳಿಗೆ ಗಂಡನ ಮೇಲೆ ಒಂದಿಷ್ಟೂ ಅನುಮಾನ ಬರಲಿಲ್ಲ, ಬಂದದ್ದು ಮರುಕ. ಆಪರೇಷನ್ ಮಾತು ಶುರುವಾದಂದಿನಿಂದ ಅವನು ಇಳಿದುಹೋಗಿದ್ದ. ಅನ್ನ ಸೇರುತ್ತಿರಲಿಲ್ಲ. ಸ್ನಾನಕ್ಕೆ ಹೋದವನು ಕನ್ನಡಿಯ ಮುಂದೆ ಪಕ್ಕೆ ಸವರಿಕೊಳ್ಳುತ್ತ ನಿಂತಿದ್ದನ್ನು ಎರಡು ಸಲ ನೋಡಿದ್ದಳು. ಪ್ರೀತಿಸಿದ ಜೀವವನ್ನು ಕತ್ತರಿಸಿ ತಾನು ಉಳಿಯಬೇಕೇ? ಬೇಡ ಎಂದು ತೀರ್ಮಾನಿಸಿದಳು. ತನ್ನ ಸರದಿ ಬಂದಾಗ ಒಳಗೆ ಹೋಗಿ, ಅವನು ಸೂಕ್ತನಲ್ಲ ಎಂದು ಬರೆದುಕೊಡಿ ಎಂದು ಕೈಮುಗಿಯುವುದು. ಆಗ ಅವನಿಗೆ ಕೊಡಲಿಲ್ಲವೆಂಬ ಕೊರಗೂ ಉಳಿಯುವುದಿಲ್ಲ.

ಸೋಮವಾರ ಅವನ ಸರದಿಯಾಯಿತು. ಆ ಸಂಜೆ ಅವನು ಎರಡು ಸಲ ಬಡಿಸಿಕೊಂಡು ಉಂಡ, ಪಾತ್ರೆ ತೊಳೆಯುತ್ತ ಸಿಳ್ಳೆ ಹಾಕಿದ. ಒಳಗೆ ಹೋಗಿ ಕೊಡುತ್ತೇನೆಂದು ಹೇಳಿ ಬಂದ ಮೇಲೆ ಧೈರ್ಯ ಬಂದಿದೆ ಎಂದುಕೊಂಡಳು.

ಗುರುವಾರ ಅವಳ ಸರದಿ. ಹೊರಡುವಾಗ ಅವನು ಅವಳ ಕನ್ನಡಕ ತೆಗೆದು ಫಳಫಳ ಒರೆಸಿ, ಧೈರ್ಯವಾಗಿ ಹೋಗಿ ಬಾ, ಎಲ್ಲ ಒಳ್ಳೇದಾಗುತ್ತೆ ಎಂದು ಕಳಿಸಿದ.

ಒಳಗೆ ಕರೆದು ಮಾತಾಡಿಸುವ ಸಮಾಲೋಚಕಿ ನಡುವಯಸ್ಸಿನ ಹೆಂಗಸು. ಅವಳ ಮಾತನ್ನೆಲ್ಲ ಕೊನೆಯವರೆಗೆ ಕೇಳಿದರು. ನಮ್ಮ ಯಜಮಾನರಿಗೆ ಗೊತ್ತಾಗಬಾರದು ಮೇಡಂ, ಅವರೇ ಸೂಕ್ತರಲ್ಲ ಅಂತ ಒಂದು ಸಾಲು ಕೊಡಿ ಎಂದು ಇವಳು ಕೇಳಿದಾಗ ಪೆನ್ನು ಎತ್ತಲಿಲ್ಲ. ಫೈಲು ತೆರೆದರು, ಏನನ್ನೋ ನೋಡಿದರು, ಮುಚ್ಚಲು ಒಂದು ಗಳಿಗೆ ತಡಮಾಡಿದರು.

ಲೈಬ್ರರಿಯ ಹೊಲಿಗೆಯ ಮೇಜಿನ ಮೇಲೆ ಪುಟಗಳು ಹೇಗೆಂದರೆ ಹಾಗೆ ಬಿದ್ದಿರುತ್ತವೆ. ತಲೆಕೆಳಗಾದ ಅಕ್ಷರ ಓದುವುದು ಅವಳಿಗೆ ನೀರು ಕುಡಿದಷ್ಟು ಸಲೀಸು. ಫೈಲಿನ ಕ್ಲಿಪ್ಪಿನಲ್ಲಿ ಒಂದು ಕಾಗದವಿತ್ತು. ದಾನಿ ಸೂಕ್ತರಲ್ಲ. ಕಾರಣದ ಜಾಗ ಖಾಲಿ. ಕೆಳಗೆ ಸಹಿ, ಮೊಹರು, ಮಂಗಳವಾರದ ತಾರೀಕು.

ಗಾಜು ಬಹಳ ಚೊಕ್ಕಟವಾಗಿತ್ತು. ತಪ್ಪಾಗಿ ಓದಿದೆನೇನೋ ಎಂದು ಹೇಳಿಕೊಳ್ಳಲೂ ಆಗಲಿಲ್ಲ.

"ನೀವು ಹೇಳಿದ್ದು ಈ ಕೋಣೆ ದಾಟಲ್ಲಮ್ಮ," ಎಂದರು ಸಮಾಲೋಚಕಿ. "ಇಲ್ಲಿ ಯಾರು ಹೇಳಿದ್ದೂ ದಾಟಲ್ಲ."

ಬಸ್ಸಿನಲ್ಲಿ ಕೂತು ಅವಳು ಸಿಟ್ಟು ತಂದುಕೊಳ್ಳಲು ನೋಡಿದಳು. ಬರಲಿಲ್ಲ. ಹೆದರಿಕೆ ಯಾರಿಗಿಲ್ಲ? ತಾನೇ ಬೇಡವೆನ್ನಲು ಹೋಗಿದ್ದವಳು. ಆದರೆ ಅವನು ಹೆದರಿದ್ದನ್ನು ತನಗೆ ಹೇಳಲಿ, ತನಗೊಬ್ಬಳಿಗೆ ಹೇಳಲಿ. ಅಷ್ಟಾದರೆ ಸಾಕು, ಯಂತ್ರದ ಪಕ್ಕದಲ್ಲೇ ಉಳಿದ ದಿನಗಳನ್ನು ಕಳೆದೇನು ಎನ್ನಿಸಿತು.

ಸಂಜೆ ಅವನು ಲಕೋಟೆ ಹಿಡಿದು ಬಂದ. ಅವಳನ್ನು ಕಿಟಕಿಯ ಹತ್ತಿರದ ಕುರ್ಚಿಯಲ್ಲಿ ಕೂರಿಸಿ ಕನ್ನಡಕ ತೆಗೆದ. ಲೋಕ ಕಲಸಿಹೋಯಿತು. ಆ ಮಂಜಿನೊಳಗಿಂದ ಆಸ್ಪತ್ರೆಯವರು ಕೈಬಿಟ್ಟರು ಎಂದಿತು ಅವನ ದನಿ. ಯಾಕೆ ಅಂತಾನೂ ಬರೆದಿಲ್ಲ ಮೈನಸ್ಸು ಎನ್ನುವಾಗ ಆ ದನಿ ಒಡೆಯಿತು. ಬಟ್ಟೆ ಗಾಜಿನ ಮೇಲೆ ಸುತ್ತುತ್ತಲೇ ಇತ್ತು.

ಅವನು ನಿಜ ಹೇಳಲೆಂದು ಅವಳು ಬಾಗಿಲೊಂದನ್ನು ತೆರೆದಿಟ್ಟಳು.

"ಕೊರಗಬೇಡಿ ಡಾಕ್ಟ್ರೇ. ನಾನೇ ಇವತ್ತು ಒಳಗೆ ಹೋಗಿ, ನಿಮ್ಮದು ಬೇಡ ಅಂತ ಹೇಳಿ ಬಂದೆ."

ಬಟ್ಟೆ ನಿಂತಿತು. ಇಲ್ಲ ಕಣೇ, ಹೆದರಿದವನು ನಾನು, ಎನ್ನಲಿ ಎಂದು ಅವಳು ಕಾದಳು. ಇಷ್ಟು ವರ್ಷದಲ್ಲಿ ಅವನಿಂದ ಅವಳು ಬೇರೇನನ್ನೂ ಇಷ್ಟು ಬೇಡಿರಲಿಲ್ಲ.

"ನೀನಾ?" ಎಂದ ಅವನು. ದನಿಗೆ ಜೀವ ಬಂದಿತ್ತು. "ನನ್ನ ಒಂದು ಮಾತು ಕೇಳದೇನೇ?"

ಆಮೇಲೆ ಸಿಟ್ಟಾದ. ಎದ್ದು ಅತ್ತಿಂದಿತ್ತ ಓಡಾಡಿದ. ಅಮ್ಮನಿಗೆ ಫೋನು ಮಾಡಿ, ತಾನು ತುದಿಗಾಲಲ್ಲಿ ನಿಂತಿದ್ದರೂ ಇವಳೇ ಹೋಗಿ ಬೇಡವೆಂದು ಹೇಳಿ ಬಂದಿದ್ದಾಳೆ ಎಂದು ದೂರು ಹೇಳಿದ. ಆ ಕಡೆಯಿಂದ ಅತ್ತೆ, ಬಂಗಾರದಂಥ ಮಗನ ತ್ಯಾಗಕ್ಕೆ ಬೆಲೆಯಿಲ್ಲದಂತೆ ಮಾಡಿದಳಲ್ಲ ಎಂದು ಗೊಳೋ ಎಂದರು. ಸ್ಪೀಕರಿನಲ್ಲಿ ಎಲ್ಲವೂ ಕೇಳುತ್ತಿತ್ತು.

ಫೋನಿಟ್ಟು ಬಂದು ಅವಳ ಮುಂದೆ ಮಂಡಿಯೂರಿದ. ಎಂದಿನ ಹಾಗೆ ತಾನೇ ಕನ್ನಡಕ ತೊಡಿಸಿ, ಎರಡೂ ಕಿವಿಯ ಹಿಂದೆ ನಾಜೂಕಾಗಿ ಕೂರಿಸಿದ. ಅಂದು ಅಳತೆ ತೆಗೆದಾಗಿನಷ್ಟೇ ಹತ್ತಿರ ಬಂದ. ಈ ಸಲ ಯಾವ ಕಣ್ಣನ್ನೂ ಮುಚ್ಚಲಿಲ್ಲ.

"ನನ್ನ ಕಣ್ಣು ನೋಡು," ಎಂದ. "ನಾನು ಕೊಡ್ತಿದ್ದೆ. ಎರಡೂ ಕೇಳಿದ್ರೂ ಕೊಡ್ತಿದ್ದೆ."

ಅವಳು ನೋಡಿದಳು. ಎಡಗಣ್ಣು ನೋಡಿದಳು, ಬಲಗಣ್ಣು ನೋಡಿದಳು. ಒದ್ದೆಯಾದ, ಪ್ರೀತಿ ತುಂಬಿದ, ಚೆಂದದ ಕಣ್ಣುಗಳು. ರೆಪ್ಪೆ ಕೂಡ ಅಲುಗಲಿಲ್ಲ.

"ಗೊತ್ತು ಡಾಕ್ಟ್ರೇ," ಎಂದಳು.

ಅವನು ಅವಳ ಹಣೆಗೆ ಮುತ್ತಿಟ್ಟು ಅಡುಗೆಮನೆಗೆ ಹೋದ. ಅಂದಿನಿಂದ ಅವಳ ಕನ್ನಡಕವನ್ನು ಅವಳೇ ಒರೆಸಿಕೊಳ್ಳಬೇಕಾಯಿತು.