ಸಾಯೊ ಹೆಸರಿನ ಪತಂಗ

ಇಸಾಕು ಮೇಷ್ಟ್ರು ಮೇಜಿನ ಮೇಲಿಟ್ಟ ಊಟದ ಡಬ್ಬಿಯನ್ನು ಫುಮಿನೊ ಆಸೆಯಿಂದ ತೆರೆದಳು. ಒಳಗೆ ಅನ್ನವಿರಲಿಲ್ಲ. ಓಕ್ ಎಲೆಯ ಮೇಲೆ ಕಂದು ಪತಂಗವೊಂದು ಮೊಟ್ಟೆಯಿಟ್ಟು ಕೂತಿತ್ತು.

"ಅಯ್ಯೋ! ಊಟ ತಂದ್ರಿ ಅಂದ್ಕೊಂಡೆ!"

"ಊಟ ಚೀಲದಲ್ಲಿದೆ. ಅದು ನಂದು," ಎಂದರು ಮೇಷ್ಟ್ರು ಗಂಭೀರವಾಗಿ. "ಬೇಕಿದ್ರೆ ಅರ್ಧ ಕೊಡ್ತೀನಿ."

ಅವರ ಕಣ್ಣಂಚಿನ ನಗು ಕಂಡು ಅವಳ ಕೆನ್ನೆ ಬಿಸಿಯಾಯಿತು.

ಜಪಾನಿನಿಂದ ಚೀನಾದವರೆಗೆ ಹರಡಿದ್ದ ಆ ಪತಂಗಗಳ ಕುಲವನ್ನು ಹೊಸದಾಗಿ ವಿಂಗಡಿಸುವುದು ಮ್ಯೂಸಿಯಂನಲ್ಲಿ ಅವಳ ಕೆಲಸ. ಒಂದರಂತೆ ಇನ್ನೊಂದು, ಗುರುತಿಸುವುದೇ ಕಷ್ಟ. ಕಿಸೊ ಕಣಿವೆಯ ಶಾಲೆಯಲ್ಲಿ ಪಾಠ ಹೇಳುತ್ತಿದ್ದ ಇಸಾಕು ಹಿಂದೊಮ್ಮೆ ಅಲ್ಲಿನ ಬೂದುಬಿಳಿ ಪತಂಗವೊಂದನ್ನು ಬೇರೆಯೇ ಪ್ರಭೇದವೆಂದು ಬರೆದು, ತೀರಿಕೊಂಡ ಹೆಂಡತಿ ಸಾಯೊ ಹೆಸರಿಟ್ಟಿದ್ದರು. ಅದನ್ನು ಮೊದಲು ಕಂಡವಳು ಸಾಯೊಳೇ. ಮರಿಹುಳುಗಳನ್ನು ಹೋಲಿಸಿ ನೋಡಲು ಫುಮಿನೊ ಈಗ ಅದೇ ಕಣಿವೆಯ ಕಂದು ಪತಂಗವನ್ನು ತರಿಸಿಕೊಂಡಿದ್ದಳು.

ಮೊಟ್ಟೆಯೊಡೆದು ಹುಳುಗಳು ಬಂದವು. ಭಾನುವಾರಗಳಂದು ಇಸಾಕು ಎಳೆಯ ಓಕ್ ಎಲೆ ಹೊತ್ತು ತರುತ್ತಿದ್ದರು.

"ಇಲ್ಲೇ ಪಾರ್ಕಲ್ಲಿ ಓಕ್ ಮರ ಇದೆಯಲ್ಲ ಮೇಷ್ಟ್ರೇ?"

"ಪೇಟೆ ಎಲೆ ಅವಕ್ಕೆ ರುಚಿಸಲ್ಲ."

"ಹುಳ ಬಂದು ಹೇಳ್ತಾ?"

ಇಸಾಕು ಎಲೆಯ ಮೇಲಿನ ನೀರು ಒರೆಸುತ್ತಿದ್ದರು. ಆ ಬೆರಳುಗಳನ್ನು ನೋಡುತ್ತ ಅವಳು ಸೂಕ್ಷ್ಮದರ್ಶಕವನ್ನೇ ಮರೆಯುತ್ತಿದ್ದಳು.

ಹುಳುಗಳು ಗೂಡು ಕಟ್ಟಿ ಚಳಿಗಾಲ ಕಳೆದವು. ವಸಂತದಲ್ಲಿ ಮೊದಲ ಪತಂಗ ಕಂದಾಗಿ ಹೊರಬಂತು. ಅದರ ಪಕ್ಕದ ಗೂಡಿನಿಂದ ಬಂದದ್ದು ಬೂದುಬಿಳಿ, ಥೇಟ್ ಸಾಯೊ ಹೆಸರಿನದೇ. ಫುಮಿನೊ ಎರಡನ್ನೂ ಮತ್ತೆ ಮತ್ತೆ ಹೋಲಿಸಿ ನೋಡಿದಳು. ಇಸಾಕು ಬರುವ ಹೊತ್ತಿಗೆ ಪಂಜರಕ್ಕೆ ಬಟ್ಟೆ ಮುಚ್ಚಿಬಿಟ್ಟಳು.

"ಸತ್ತು ಹೋದ್ವಾ?"

"ಇಲ್ಲ. ಚೆನ್ನಾಗಿವೆ."

ಅವರು ಬಟ್ಟೆ ಸರಿಸಿದರು. ಬಹಳ ಹೊತ್ತು ಬಗ್ಗಿ ನೋಡಿದರು.

"ಒಂದೇ ತಾಯಿ ಮಕ್ಕಳು," ಎಂದರು ಕೊನೆಗೆ.

"ಬಣ್ಣ ಮಾತ್ರ ಬೇರೆ ಮೇಷ್ಟ್ರೇ, ಪ್ರಭೇದ ಒಂದೇ. ಇದನ್ನ ಬರೆದ್ರೆ ಕಂದು ಪತಂಗಕ್ಕೆ ಮೊದಲೇ ಇದ್ದ ಹಳೇ ಹೆಸರೇ ನಿಲ್ಲತ್ತೆ. ಸಾಯೊ ಅವರ ಹೆಸರು ಬಿದ್ದುಹೋಗತ್ತೆ."

"ಬರೀಬೇಡಿ ಅಂದ್ರೆ?"

ಅವಳ ಕಣ್ಣು ತುಂಬಿತು. "ಬರೀತೀನಿ. ನೀವು ಮತ್ತೆ ಈ ಕಡೆ ಬರಲ್ಲ ಅಂತ ಗೊತ್ತಿದ್ರೂ ಬರೀತೀನಿ. ನೀವು ಬರದಿದ್ರೆ ನನಗೆ ಏನಾಗತ್ತೆ ಅಂತ ಗೊತ್ತಿದ್ರೂ."

ಇಸಾಕು ಟೋಪಿ ಎತ್ತಿಕೊಂಡು ಹೊರಟುಹೋದರು.

ಭಾನುವಾರಗಳು ಖಾಲಿಯಾದವು. ಫುಮಿನೊ ಪ್ರಬಂಧ ಬರೆದು ಅಚ್ಚಿಗೆ ಕಳಿಸಿದಳು. ಅದರಲ್ಲಿ ಸಾಯೊ ಹೆಸರು ರದ್ದಾದ ಹೆಸರುಗಳ ಸಾಲಿಗೆ ಸೇರಿತ್ತು.

ಓಕ್ ಎಲೆ ಬಲಿತ ಮೇಲೆ ಒಂದು ಬೆಳಿಗ್ಗೆ ಇಸಾಕು ಬಾಗಿಲಲ್ಲಿ ನಿಂತಿದ್ದರು. ಮುಖ ಸೊರಗಿತ್ತು.

"ಸಮಾಧಿ ಹತ್ರ ಹೋಗಿ ಸಾಯೊಗೆ ಎಲ್ಲ ಹೇಳಿದೆ. ಅವಳು ಹೋದಾಗ ಅಳು ಬಂದಿರಲಿಲ್ಲ ನನಗೆ. ಆವತ್ತು ಬಂತು." ಅವರು ಟೋಪಿ ತೆಗೆದರು. "ನೀವು ನನಗೋಸ್ಕರ ಸುಳ್ಳು ಬರೆದಿದ್ರೆ ನಿಮ್ಮ ಮುಖ ನೋಡೋಕಾಗ್ತಿರಲಿಲ್ಲ. ಈಗ ನೋಡದೆ ಇರೋಕಾಗ್ತಿಲ್ಲ. ನನ್ನ ಜೊತೆ ಬಾಳ್ತೀರಾ, ಫುಮಿನೊ?"

"ಮೊದ್ಲು ನನ್ನನ್ನೂ ಅಲ್ಲಿಗೆ ಕರ್ಕೊಂಡು ಹೋಗಿ," ಎಂದಳು.

ಮಧ್ಯಾಹ್ನದ ರೈಲಿನಲ್ಲಿ ಇಬ್ಬರೂ ಕಿಸೊ ಕಣಿವೆಗೆ ಹೊರಟರು. ಬೆಟ್ಟದ ಮಗ್ಗುಲ ಸ್ಮಶಾನದಲ್ಲಿ ಫುಮಿನೊ ಸಾಯೊಳ ಕಲ್ಲಿನ ಮೇಲೆ ನೀರೆರೆದು ಊದುಬತ್ತಿ ಹಚ್ಚಿದಳು. ಕೈ ಜೋಡಿಸಿ, ತಲೆಬಾಗಿಸಿ ತುಂಬಾ ಹೊತ್ತು ಕೂತಿದ್ದಳು. ಎದ್ದಾಗ ರೆಪ್ಪೆ ಒದ್ದೆಯಾಗಿತ್ತು.

"ಅವಳಿಗೆ ಏನು ಹೇಳಿದ್ರಿ?" ಇಸಾಕು ಮೆಲ್ಲಗೆ ಕೇಳಿದರು.

"ನಿಮಗೆ ಹೂಂ ಅಂತೀನಿ ಅಂತ."